ಆಯಿಲ್ ಇಳಿಸಿದರೆ ಸಾಲದು

ಲಾರಿ ಗ್ಯಾರೇಜಿನ ಮೇಸ್ತ್ರಿಗೆ ಒಬ್ಬನೇ ತಮ್ಮ. ನಿದ್ದೆ ಓಡಿಸಿ ಮೈಗೆ ಹುರುಪು ಕೊಡುತ್ತದೆಂದು ಒಬ್ಬ ಲಾರಿ ಚಾಲಕ ಕೊಟ್ಟ ಮಾತ್ರೆಯನ್ನು ಅವನು ಒಮ್ಮೆ ನುಂಗಿದ. ಆಮೇಲೆ ಮಾತ್ರೆಯೇ ಅವನನ್ನು ನುಂಗತೊಡಗಿತು.

ವಿಷಯ ತಿಳಿದಾಗ ಮೇಸ್ತ್ರಿ ತನಗೆ ಗೊತ್ತಿದ್ದ ವಿದ್ಯೆಯನ್ನೇ ಪ್ರಯೋಗಿಸಿದ. ತಮ್ಮನನ್ನು ಟೈರ್ ಕೋಣೆಯಲ್ಲಿ ಕೂಡಿಹಾಕಿ ಕೊಡಗಟ್ಟಲೆ ನೀರು ಕುಡಿಸಿದ. "ಕೆಟ್ಟ ಆಯಿಲ್ ಪೂರ್ತಿ ಇಳಿದುಹೋಗ್ಲಿ. ಆಮೇಲೆ ಗಾಡಿ ತಾನೇ ಓಡುತ್ತೆ" ಎಂದ. ವಾರ ಕಳೆದ ಮೇಲೆ ಬಾಗಿಲು ತೆಗೆದು ಕೈಗೆ ಸ್ಪ್ಯಾನರ್ ಕೊಟ್ಟ.

ತಮ್ಮ ಕೆಲಸಕ್ಕೆ ಕೂತ. ಆದರೆ ಊಟ ಬೇಡ, ಮಾತು ಬೇಡ. ಅವನ ಪುಟ್ಟ ಮಗಳು ಬಂದು ಗಡ್ಡ ಹಿಡಿದೆಳೆದಳು. ಮೊದಲಾಗಿದ್ದರೆ ಹುಲಿಯಂತೆ ಗರ್ಜಿಸಿ ನಗಿಸುತ್ತಿದ್ದ. ಈಗ ಸುಮ್ಮನೆ ನೋಡಿದ. ಮಗು ಸ್ವಲ್ಪ ಹೊತ್ತು ಕಾದು, ಕೈ ಬಿಟ್ಟು ಹೋಯಿತು.

ಅದೇ ಮಧ್ಯಾಹ್ನ ಆ ಚಾಲಕನ ಲಾರಿ ಬಂತು. ಹಾರನ್ ಕೇಳಿದ್ದೇ ತಮ್ಮ ಸ್ಪ್ಯಾನರ್ ಬಿಸಾಡಿ ಮಾತ್ರೆಗಾಗಿ ಅವನ ಬಳಿಗೆ ಓಡಿದ. ಸಂಜೆ ನೋಡಿದರೆ ಗ್ಯಾರೇಜಿನ ಗೋಡೆಯ ಹಿಂದೆ ಎದೆ ಹಿಡಿದುಕೊಂಡು ಬಿದ್ದಿದ್ದ.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಪಕ್ಕದ ಮನೆಯ ನರ್ಸಮ್ಮ ಅಲ್ಲೇ ಕೆಲಸಕ್ಕಿದ್ದಳು. ಮೇಸ್ತ್ರಿ ನಡೆದದ್ದೆಲ್ಲ ಹೇಳಿ ಅವಳ ಮುಂದೆ ಕುದಿದ.

"ನಾಯಿ ಬಾಲ ಡೊಂಕೇ ಅಲ್ವೇನಮ್ಮ? ಇವನಿಗೆ ಕೊಬ್ಬು! ಇನ್ನು ನನ್ನ ಮನೆಗೆ ಕಾಲಿಡಕೂಡದು."

"ಅಣ್ಣ, ಆಯಿಲ್ ಇಳಿಸಿದ್ರಿ, ಸರಿ. ಇಂಜಿನ್ ಒಳಗೆ ಏನು ಕೆಟ್ಟಿದೆ ಅಂತ ನೋಡಿದ್ರಾ?"

"ಇವನ ತಲೆ ಖಾಲಿ ಡಬ್ಬ ಕಣಮ್ಮ. ಅದರೊಳಗೆ ಇಂಜಿನ್ ಎಲ್ಲಿಂದ ಬಂತು?"

"ಮಿದುಳಲ್ಲಿ ಖುಷಿ ಗುರುತಿಸೋ ಜಾಗ ಒಂದಿದೆ. ಉಂಡಾಗ, ಮಗು ನಕ್ಕಾಗ 'ಇದು ಚೆನ್ನಾಗಿದೆ' ಅಂತ ಅಲ್ಲಿಗೆ ಸುದ್ದಿ ಮುಟ್ಟುತ್ತೆ. ಸುದ್ದಿ ತರೋ ರಸದ ಹೆಸರು ಡೋಪಮೈನ್. ಅದನ್ನ ಹಿಡಿದು ಸುದ್ದಿಯನ್ನ ಜೀವಕೋಶದ ಒಳಕ್ಕೆ ದಾಟಿಸೋದು ಪ್ರೋಟೀನುಗಳು. ಈ ಮಾತ್ರೆ ಆ ರಸವನ್ನ ಹೊಳೆ ಒಡೆದ ಹಾಗೆ ನುಗ್ಗಿಸುತ್ತೆ. ದಿನಾ ಹಾಗಾದ್ರೆ ಸುದ್ದಿ ಹಿಡಿಯೋ ಪ್ರೋಟೀನುಗಳು ಕಮ್ಮಿಯಾಗ್ತವೆ. ಆಗ ಸ್ವಂತ ಮಗು ನಕ್ಕರೂ ಒಳಗೆ ಕೇಳಿಸಲ್ಲ. ಇನ್ನೊಂದು ಬಗೆ ಪ್ರೋಟೀನು ಒಳಗೇ ಜಮೆಯಾಗ್ತಾ ಹೋಗಿ, 'ಮಾತ್ರೆ ಬೇಕು' ಅನ್ನೋ ಪಾಠವನ್ನ ಗಟ್ಟಿ ಮಾಡುತ್ತೆ. ಮಾತ್ರೆ ಕೆಲವೇ ದಿನದಲ್ಲಿ ಮೈ ಬಿಡುತ್ತೆ. ಪಾಠ ತಿಂಗಳುಗಟ್ಟಲೆ ಬಿಡಲ್ಲ. ಹಾರನ್ ಒಂದು ಕೇಳಿದ್ರೆ ಸಾಕು, ಎದ್ದು ಕೂರುತ್ತೆ."

ಮೇಸ್ತ್ರಿಯ ದನಿ ಇಳಿಯಿತು. "ಹಾಗಾದ್ರೆ ರಿಪೇರಿನೇ ಇಲ್ವಾ ತಾಯಿ?"

"ಇದೆ. ಬಹಳ ಜನಕ್ಕೆ ನಿಧಾನವಾಗಿ ಸರಿಹೋಗುತ್ತೆ. ಆದ್ರೆ ಬೀಗ ಹಾಕಿ ಅಲ್ಲ. ವ್ಯಸನ ಬಿಡಿಸೋ ಡಾಕ್ಟರ್ ಬೇಕು, ಸಲಹೆ ಬೇಕು, ಆ ಲಾರಿಗಳಿಂದ ದೂರ ಇರಬೇಕು. ನಡುವೆ ಜಾರಬಹುದು. ಆಗ ಮನೆ ಬಾಗಿಲು ಮುಚ್ಚಬಾರದು."

ಹಾಸಿಗೆಯಿಂದ ತಮ್ಮನ ದನಿ ಬಂತು. "ಅಣ್ಣಾ... ಯಾವುದೂ ರುಚಿಸ್ತಿಲ್ಲ. ಬದುಕಿರೋದೂ."

ನರ್ಸಮ್ಮ ಕೂಡಲೇ ಡಾಕ್ಟರನ್ನು ಕರೆಯಲು ಓಡಿದಳು. ಮೇಸ್ತ್ರಿ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತ.

"ಹಾಗೆಲ್ಲ ಅನ್ನಬೇಡ ಕಣೋ. ಗ್ಯಾರೇಜು ಹಾಳಾಗಿ ಹೋಗ್ಲಿ. ನಿನಗೆ ಬೇರೆ ಕೆಲಸ ಹುಡುಕೋಣ. ಆ ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ. ಎಷ್ಟು ಸಲ ಹೋಗ್ಬೇಕೋ, ಅಷ್ಟು ಸಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಜೀವ ನಗು ಮರೆತು ಕೂತಿರಬಹುದು. ಹಂಗಿಸಬೇಡಿ, ಕೂಡಿಹಾಕಬೇಡಿ. ಎದೆ ನೋವು ಎಂದರೆ, ಬದುಕು ಬೇಡ ಎಂದರೆ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ನುಂಗಿದ್ದಾರೆಂದು ಮುಚ್ಚಿಡದೆ ಹೇಳಿ. ಮಾನದ ಮಾತು ಆಮೇಲೆ ನೋಡಿಕೊಳ್ಳಬಹುದು. ಉಸಿರು ಹೋದರೆ ಆಮೇಲೆ ಎಂಬುದೇ ಇಲ್ಲ.