ಬಲಮೂಲೆಯ ಮಸುಕು

ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವಳು ತಂಗಿ, ಕಂಪ್ಯೂಟರಿನಲ್ಲಿ ತಿದ್ದಿ ಪ್ರಿಂಟು ಹಾಕುವವಳು ನಾನು. ಇರುವ ಒಂದೇ ಲೆನ್ಸಿನೊಳಗೆ ಬೂಷ್ಟು ಹಿಡಿದು ನಾಲ್ಕು ವರ್ಷವಾಯಿತು. ಯಾರದೇ ಫೋಟೋ ಇರಲಿ, ಬಲಮೂಲೆಯಲ್ಲಿ ಮಸುಕು ಇದ್ದೇ ಇರುತ್ತದೆ. ಅದನ್ನು ಅಳಿಸುವುದೇ ನನ್ನ ಅರ್ಧ ಕೆಲಸ.

ಆವತ್ತು ಒಂದು ಮಗುವಿನ ಫೋಟೋ ತೆರೆದೆ. ಮೂಲೆ ಲಕಲಕ ಹೊಳೆಯುತ್ತಿತ್ತು. ಖುಷಿಪಡುವ ಬದಲು ತಂಗಿಯನ್ನು ಕೂಗಿ ಕರೆದೆ.

“ಮಸುಕು ಎಲ್ಲಿ ಹೋಯ್ತೇ?”

“ಒರೆಸಿದೆ ಅಕ್ಕ,” ಎಂದಳು, ನನ್ನ ಮುಖ ನೋಡದೆ.

ಒಳಗಿನ ಬೂಷ್ಟನ್ನು ಹೊರಗಿನಿಂದ ಒರೆಸಿದಳಂತೆ! ಯಾರ ಕಿವಿಗೆ ಹೂವಿಡುತ್ತಾಳೆ ಇವಳು?

ಹೊಸ ಲೆನ್ಸು ಬೇಕೆಂದು ಕಳೆದ ವರ್ಷ ಗೋಗರೆದಿದ್ದಳು. “ಕಂತಲ್ಲಿ ತಗೊಳ್ಳೋಣ ಅಕ್ಕ, ದುಡೀತಾ ದುಡೀತಾ ತೀರತ್ತೆ.” ನಾನು ಕೇಳಬೇಕಲ್ಲ! “ಕೂಡಿಟ್ಟೇ ತಗೊಳ್ಳೋದು. ಕಂತಿನ ವಸ್ತು ಈ ಬಾಗಿಲು ದಾಟಕೂಡದು,” ಎಂದಿದ್ದೆ. ಕೂಡಿಡುತ್ತಲೂ ಇದ್ದೆ. ನಾನು ನೂರು ಸೇರಿಸುವಷ್ಟರಲ್ಲಿ ಬೆಲೆ ಇನ್ನೂರು ಏರುತ್ತಿತ್ತು, ಅದು ಬೇರೆ ಮಾತು.

ಈಗ ಒಂದೊಂದೇ ನೆನಪಾಗತೊಡಗಿತು. ಭಾನುವಾರವಾದರೆ ಗೆಳತಿ ಮನೆಗೆಂದು ಹೊರಡುತ್ತಾಳೆ. ಗೆಳತಿ ಮನೆಗೆ ಕ್ಯಾಮೆರಾ ಚೀಲ ಯಾಕೆ? ಫೋನು ಬಂದರೆ ಹೊರಗೆ ಹೋಗಿ ಪಿಸುಗುಟ್ಟುವುದು ಯಾಕೆ?

ಮಧ್ಯಾಹ್ನವೇ ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯವನು ಹಲ್ಲು ಕಿರಿದ. “ನಿಮ್ಮ ತಂಗಿ ತಾನೇ? ಹನ್ನೊಂದು ಕಂತು ಕಟ್ಟಿದಾರೆ, ಇನ್ನೊಂದೇ ಬಾಕಿ. ಒಂದು ಸಲಾನೂ ತಪ್ಪಿಸಿಲ್ಲ ಮೇಡಂ.”

ಬಿಲ್ಲು ಯಾರ ಹೆಸರಿಗೆ ಎಂದು ಕೇಳುವ ವ್ಯವಧಾನ ನನಗೆಲ್ಲಿತ್ತು? ಚೀಲದಲ್ಲಿ ಎರಡು ಲೆನ್ಸು ಇಟ್ಟುಕೊಂಡು, ನಮ್ಮ ಕೆಲಸಕ್ಕೆ ಹಳೆಯದು, ಕದ್ದುಮುಚ್ಚಿ ಮಾಡುವ ಹೊರಗಿನ ಕೆಲಸಕ್ಕೆ ಹೊಸದು ಬಳಸುತ್ತಿದ್ದಾಳೆ. ಆ ಮಗುವಿನ ಫೋಟೋ ತೆಗೆದ ದಿನ ಅವಸರದಲ್ಲಿ ಅದಲುಬದಲಾಗಿದೆ, ಅಷ್ಟೇ. ಸಾಲ ತೀರಿದ ಮರುದಿನ ನಮ್ಮ ಗಿರಾಕಿಗಳನ್ನು ಹೊಡೆದುಕೊಂಡು ಬೇರೆ ಸ್ಟುಡಿಯೋ ತೆರೆಯುತ್ತಾಳೆ. ಗಿರಾಕಿಗಳ ಫೋಟೋ, ನಂಬರು ಎಲ್ಲ ಇರುವುದು ಇದೇ ಕಂಪ್ಯೂಟರಿನಲ್ಲಿ. ಸಂಜೆ ಅವಳು ಹೊರಟ ಮೇಲೆ ಬಾಗಿಲಿನ ಬೀಗವನ್ನೇ ಬದಲಾಯಿಸಿಬಿಟ್ಟೆ.

ಬೆಳಿಗ್ಗೆ ಬೇಗ ಬಂದು, ಒಳಗಿನಿಂದ ಬೀಗ ಹಾಕಿ ಕೂತೆ. ಹೊತ್ತಿಗೆ ಸರಿಯಾಗಿ ಗಾಜಿನ ಬಾಗಿಲಾಚೆ ತಂಗಿ ಬಂದಳು, ಕಂಕುಳಲ್ಲಿ ಒಂದು ಡಬ್ಬ. ಕೀ ಹಾಕಿದಳು, ತಿರುಗಲಿಲ್ಲ. ತೆಗೆದು, ಊದಿ, ಮತ್ತೆ ಹಾಕಿದಳು. ಆಮೇಲೆ ತಲೆಯೆತ್ತಿದಳು. ಒಳಗೆ ಕೂತು ನೋಡುತ್ತಿದ್ದ ನಾನು ಕಣ್ಣಿಗೆ ಬಿದ್ದೆ. ಎದ್ದು ಬಾಗಿಲು ತೆಗೆದೆ.

“ಬೀಗ ಕೆಟ್ಟಿತ್ತಾ ಅಕ್ಕ?”

“ಹೂಂ.”

ಡಬ್ಬವನ್ನು ಮೇಜಿನ ಮೇಲಿಟ್ಟಳು. ಲೆನ್ಸು. ಜೊತೆಗೆ ಬಿಲ್ಲು, ನಮ್ಮ ಸ್ಟುಡಿಯೋ ಹೆಸರಿನಲ್ಲಿ.

“ಭಾನುವಾರದ ಕೆಲಸದಲ್ಲೇ ತೀರಿಸಿದೆ. ಕೊನೇ ಕಂತು ನಿನ್ನೆ ಸಂಜೆ ಕಟ್ಟಿದೆ. ಈಗ ಬಾಗಿಲು ದಾಟಬಹುದಲ್ಲ?”

ಹೊಸ ಬೀಗಕ್ಕೆ ಎರಡು ಕೀ ಬಂದಿದ್ದವು. ಒಂದನ್ನು ಅವಳತ್ತ ಚಾಚಿದೆ. ಅವಳು ತನ್ನ ಗೊಂಚಲಿನಿಂದ ಹಳೆಯ ಕೀ ಬಿಡಿಸಿ ಬಿಲ್ಲಿನ ಮೇಲಿಟ್ಟಳು. ಹೊಸದನ್ನು ಮುಟ್ಟಲಿಲ್ಲ.

“ಬೇಡ ಬಿಡಕ್ಕ. ಇನ್ಮೇಲೆ ನೀನು ಬಾಗಿಲು ತೆಗೆದ ಮೇಲೇ ಬರ್ತೀನಿ.”