ಅಪ್ಪಿಕೊಳ್ಳುವ ಬಾಗಿಲಿಗೆ ಒಂದು ಪಿಸ್ತೂಲು

ಪಿಸ್ತೂಲಿನ ವಿಷಯ ಮಾತಾಡಲು ನನಗಿಂತ ಯೋಗ್ಯರಾದವರು ನಮ್ಮ ಚರ್ಚೊಂದರಲ್ಲೇ ನಲವತ್ತು ಜನ ಇದ್ದಾರೆ. ಅವರನ್ನೆಲ್ಲ ಬಿಟ್ಟು ನಾನು ಹೇಳಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅರ್ಧಕ್ಕೆ ಬಿಟ್ಟ ಓದನ್ನು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಸಂಜೆ ತರಗತಿಗೆ ಹೋಗಿ ಮುಗಿಸಿದೆ. ತಿಳಿಯದ್ದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವೊಂದು ಅಲ್ಲಿಂದ ಬಂತು. ಹಾಗಾಗಿ ಇಲ್ಲಿನ ಅಂಕಿಗಳಾದರೂ ಸರಿಯಿರಬಹುದು. ಉಳಿದದ್ದಕ್ಕೆ ಭರವಸೆ ಕೊಡಲಾರೆ.

ನಮ್ಮ ಊರು ಅಮೆರಿಕದ ಅರ್ಕನ್ಸಾಸಿನ ಗುಡ್ಡಗಳ ನಡುವೆ ಇದೆ. ನಮ್ಮ ಚರ್ಚಿನಲ್ಲಿ ಅಪ್ಪಿಕೊಳ್ಳದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಮುಂಬಾಗಿಲಲ್ಲಿ ನಿಂತು ಆ ಕೆಲಸ ಮಾಡುತ್ತಿದ್ದವಳು ನಾನು. ಹಾಡಲು ಬರುವುದಿಲ್ಲ, ನಾಲ್ಕು ಜನರ ಮುಂದೆ ಪ್ರಾರ್ಥಿಸಲೂ ಬರುವುದಿಲ್ಲ. ಅಪ್ಪಿಕೊಳ್ಳಲು ಮಾತ್ರ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಅದನ್ನು ನಂಬಿಕೊಂಡಿದ್ದೆ.

ಆಗಸ್ಟಿನಲ್ಲಿ ರಾಯ್ಸ್ ಮೇಬ್ರಿ ಒಂದು ಹಾಳೆ ತಂದು ಗೋಡೆಗೆ ಅಂಟಿಸಿದ. ರಾಯ್ಸ್ ಇಪ್ಪತ್ತಾರು ವರ್ಷ ಪೊಲೀಸ್ ಕೆಲಸದಲ್ಲಿ, ಶೆರಿಫನ ಕೈಕೆಳಗೆ ಡೆಪ್ಯುಟಿಯಾಗಿದ್ದು ನಿವೃತ್ತನಾದವನು, ನಮ್ಮ ಚರ್ಚಿನ ರಕ್ಷಣಾ ತಂಡದ ಮುಖ್ಯಸ್ಥ. ಹಾಳೆಯಲ್ಲಿ ಹೀಗಿತ್ತು: ಇನ್ನು ಮುಂದೆ ಬಾಗಿಲಲ್ಲಿ ನಿಲ್ಲುವವರು ಬಟ್ಟೆಯ ಒಳಗೆ, ಹೊರಗೆ ಕಾಣದಂತೆ, ಪಿಸ್ತೂಲು ಇಟ್ಟುಕೊಂಡಿರಬೇಕು. ಸೆಪ್ಟೆಂಬರಿನ ಕೊನೆಯ ಶನಿವಾರದೊಳಗೆ ಐವತ್ತು ಗುಂಡು ಹಾರಿಸಿ ಕಾಗದದ ಮನುಷ್ಯನಿಗೆ ನಲವತ್ತಾದರೂ ತಗಲಿಸಬೇಕು. ಆಗದಿದ್ದರೆ ಬಾಗಿಲಿಗೆ ರಾಯ್ಸ್ ತಾನೇ ನಿಲ್ಲುತ್ತಾನೆ.

ರಾಯ್ಸ್ ಒಳ್ಳೆಯವನು, ಆದರೆ ಅಪ್ಪಿಕೊಳ್ಳುವವನಲ್ಲ. ಎರಡು ಬೆರಳು ಮುಂದೆ ಚಾಚುತ್ತಾನೆ, ನಾವು ಅದನ್ನು ಹಿಡಿದು ಬಿಡಬೇಕು.

ಹಾಳೆಯನ್ನು ನನ್ನ ಜೊತೆಗೆ ಓದಿದವಳು ಆಲ್ಥಿಯಾ. ಎಂಬತ್ನಾಲ್ಕು ವರ್ಷ, ಕಿವಿ ಮಂದ, ಒಂಟಿ. ಎತ್ತರ ನನ್ನ ಕಂಕುಳವರೆಗೆ.

"ಲೇ ಹುಡುಗಿ, ನೀನು ಆ ಪರೀಕ್ಷೆ ಪಾಸಾಗ್ಲೇಬೇಕು ಕಣೇ," ಎಂದಳು.

"ನೋಡ್ತೀನಿ ಅಜ್ಜಿ."

"ನೋಡೋದಲ್ಲ. ಭಾನುವಾರದಿಂದ ಭಾನುವಾರಕ್ಕೆ ನನ್ನ ಮುಟ್ಟೋರು ಇಬ್ರೇ. ನೀನು, ಆಮೇಲೆ ಔಷಧಿ ಅಂಗಡೀಲಿ ಬಿ.ಪಿ. ನೋಡೋ ಯಂತ್ರ. ಅದೂ ತೋಳು ಹಿಂಡತ್ತೆ."

ಆ ಮಾತು ಕೇಳಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ.

ನನ್ನ ಗಂಡ ಹಾಯ್ಟ್ ಮತ್ತು ರಾಯ್ಸ್ ಗೆಳೆಯರು. ಆದರೆ ಗುಂಡಿನ ಅಳತೆಯ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ಅವರಿಗೆ ರಾಜಿಯಾಗಿಲ್ಲ. ಹಾಯ್ಟನದು ದಪ್ಪ ಗುಂಡಿನ ನಲವತ್ತೈದು, ರಾಯ್ಸನದು ಅದಕ್ಕಿಂತ ಸಣ್ಣ ಗುಂಡಿನ ಒಂಬತ್ತು ಮಿಲಿಮೀಟರ್. ಬುಧವಾರ ಚರ್ಚಿನ ಊಟದ ಮೇಜಿನಲ್ಲಿ ನನ್ನ ವಿಷಯ ಬಂತು.

"ನಲವತ್ತೈದು ಕೊಡಿಸ್ತೀನಿ," ಎಂದ ಹಾಯ್ಟ್. "ಒಂದು ಬಿದ್ರೆ ಮುಗೀತು. ಎರಡನೇದು ಬೇಡ."

"ಮೊದಲನೇದು ಬೀಳ್ಬೇಕಲ್ಲಪ್ಪ," ಎಂದ ರಾಯ್ಸ್. "ನಿನ್ನ ಪಿಸ್ತೂಲು ನಿಮ್ಮ ತಾತನ ಟ್ರ್ಯಾಕ್ಟರ್ ಇದ್ದಂಗೆ. ಏಳು ಗುಂಡು ಖಾಲಿ ಆದ್ಮೇಲೆ ಏನ್ ಮಾಡ್ತಾಳೆ, ಎಸೀತಾಳಾ?"

"ಎಸೆದ್ರೂ ನಿನ್ನ ಒಂಬತ್ತಕ್ಕಿಂತ ಜಾಸ್ತಿ ಪೆಟ್ಟಾಗತ್ತೆ."

"ವರ್ಲೀನಕ್ಕನಿಗೆ ಸೊಂಟದ ಹತ್ರ ಜಾಗಕ್ಕೇನೂ ಕಮ್ಮಿ ಇಲ್ಲ ಬಿಡಿ," ಎಂದು ಪಕ್ಕದ ಮೇಜಿನಿಂದ ಯಾರೋ ಹೇಳಿದರು. ಹಿಂಭಾಗಕ್ಕಿಂತ ಮುಂಭಾಗ ಒಳ್ಳೆಯದೆಂದು ಇನ್ನೊಬ್ಬರು. ಬಾಯಲ್ಲಿ ಮಸಾಲೆ ಮೊಟ್ಟೆ ತುಂಬಿಕೊಂಡ ಆರೇಳು ಗಂಡಸರು, ಹೊಸ ಕಪಾಟು ಎಲ್ಲಿಡಬೇಕೆಂದು ಗೋಡೆ ನೋಡುವವರ ಹಾಗೆ ನನ್ನನ್ನು ನೋಡುತ್ತಿದ್ದರು. ನಾನು ಎಲ್ಲರ ಸಲಹೆಯನ್ನೂ ಬರೆದುಕೊಂಡೆ. ಮನೆಗೆ ಬಂದು ಓದಿದರೆ ಪ್ರತಿಯೊಬ್ಬರೂ ತಮ್ಮ ಸೊಂಟದಲ್ಲಿರುವುದನ್ನೇ ನನಗೂ ಹೇಳಿದ್ದರು.

ಶನಿವಾರ ಬರ್ಲ್‌ನ ಅಂಗಡಿಗೆ ಹೋದೆವು. ಬಂದೂಕು, ಮೀನಿನ ಗಾಳ, ಜೀವಂತ ಎರೆಹುಳು ಮೂರನ್ನೂ ಅವನು ಮಾರುತ್ತಾನೆ. ಅಂಗಡಿಯ ಹಿಂದೆ ಮಣ್ಣಿನ ದಿಬ್ಬ ಕಟ್ಟಿ ಗುರಿ ಹೊಡೆಯುವ ಜಾಗ ಮಾಡಿದ್ದಾನೆ. ನನ್ನನ್ನು ನೋಡಿದವನೇ ಗಾಜಿನ ಪೆಟ್ಟಿಗೆಯಿಂದ ಒಂದು ಸಣ್ಣ ರಿವಾಲ್ವರ್ ತೆಗೆದ. ಐದು ಗುಂಡಿನದು, ಮೂವತ್ತೆಂಟರ ಅಳತೆ, ಗುಲಾಬಿ ಬಣ್ಣದ ಹಿಡಿ.

"ಹೆಂಗಸ್ರಿಗೆ ಅಂತಾನೇ ಮಾಡಿರೋದು. ಹತ್ತಿ ಇದ್ದಂಗಿದೆ, ನೋಡಿ ಅಕ್ಕ."

ನಿಜಕ್ಕೂ ಹಗುರವಾಗಿತ್ತು. ಹಗುರವಾದಷ್ಟೂ ಜೋರಾಗಿ ಒದೆಯುತ್ತದೆ ಎನ್ನುವುದನ್ನು ಮಾತ್ರ ಅವನು ಹೇಳಲಿಲ್ಲ. ಮೊದಲ ಗುಂಡಿಗೇ ನನ್ನ ಕೈ ಕಿವಿಯ ತನಕ ಹೋಯಿತು. ಎರಡನೆಯದು ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದವನ ಕಾಗದಕ್ಕೆ ತಗಲಿತು.

"ಅದು ನಂದಾ, ನಿಮ್ದಾ?" ಎಂದ ಅವನು.

"ನಂದು. ಕ್ಷಮಿಸಿ."

"ಪರವಾಗಿಲ್ಲ, ಹೃದಯಕ್ಕೇ ಬಿದ್ದಿದೆ. ನಂದು ಅಂತ ಹೇಳ್ಕೊಳ್ಳಾ?"

ಮುಂದೆ ಹಾಯ್ಟನ ನಲವತ್ತೈದು. ಪೂರ್ತಿ ಉಕ್ಕು, ತೂಕಕ್ಕೆ ಒದೆತ ಕಡಿಮೆ. ಹತ್ತರಲ್ಲಿ ಏಳು ತಗಲಿದವು. ಹಾಯ್ಟ್ ಚರ್ಚಿನಲ್ಲೂ ಹಾಗೆ ಹಿಗ್ಗಿದ್ದನ್ನು ನಾನು ಕಂಡಿಲ್ಲ. ಆದರೆ ಅದನ್ನು ನನ್ನ ಭಾನುವಾರದ ಲಂಗದ ಸೊಂಟಕ್ಕೆ ಸಿಕ್ಕಿಸಿದಾಗ ಲಂಗ ಕೆಳಗಿಳಿಯಿತು. ಎರಕದ ಬಾಣಲೆಯನ್ನು ದಾರಕ್ಕೆ ಕಟ್ಟಿದ ಹಾಗೆ. ಬರ್ಲ್ ಬಹಳ ಮರ್ಯಾದೆಯಿಂದ ಎರೆಹುಳುಗಳ ಕಡೆ ತಿರುಗಿಕೊಂಡ.

ರಾಯ್ಸ್ ಹೇಳಿದ ಒಂಬತ್ತರಲ್ಲಿ ಸಣ್ಣದೊಂದನ್ನು ನೋಡಿದೆ. ಅದರ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದರೆ ತಾನೆ ಮೊದಲ ಗುಂಡು ಒಳಗೆ ಹೋಗುವುದು? ಇಪ್ಪತ್ತು ವರ್ಷ ಶಾಲೆಯ ದೊಡ್ಡ ಡಬ್ಬಿಗಳನ್ನು ತೆರೆದು ಸವೆದ ನನ್ನ ಹೆಬ್ಬೆರಳಿಗೆ ಅದು ಅಲುಗಲೇ ಇಲ್ಲ. ಅವತ್ತು ರಾತ್ರಿ ಪುಸ್ತಕದಲ್ಲಿ ಹೀಗೆ ಬರೆದೆ: ಹೊಡೆಯಲು ಬರುವುದು ಬಚ್ಚಿಡಲು ಬರುವುದಿಲ್ಲ, ಬಚ್ಚಿಡಲು ಬರುವುದು ಹೊಡೆಯಲು ಬರುವುದಿಲ್ಲ.

ಮೂರನೆಯ ಶನಿವಾರ ಬರ್ಲ್ ಕೆಳಗಿನ ಖಾನೆಯಿಂದ ಇನ್ನೊಂದನ್ನು ತೆಗೆದ. ಮುನ್ನೂರ ಎಂಬತ್ತು ಎಂಬ ಅಳತೆಯದು; ಹೆಸರಷ್ಟೇ ದೊಡ್ಡದು, ಗುಂಡು ಒಂಬತ್ತಕ್ಕಿಂತಲೂ ಸಣ್ಣದು. ಹಿಂದಕ್ಕೆ ಎಳೆಯಲು ಸುಲಭ, ಒದೆತ ಮೆತ್ತಗೆ, ಅಂಗೈಗಿಂತ ಸ್ವಲ್ಪ ಉದ್ದ. ಹತ್ತರಲ್ಲಿ ಒಂಬತ್ತು ತಗಲಿತು.

"ಬರ್ಲ್, ಇದು ಯಾಕೆ ಮೊದಲೇ ತೋರಿಸ್ಲಿಲ್ಲ?"

"ನಿಮ್ಮ ಯಜಮಾನ್ರು ಜೊತೇಲಿದ್ರಲ್ಲ ಅಕ್ಕ."

ಯಜಮಾನರು ನಿಜಕ್ಕೂ ನೊಂದುಕೊಂಡರು. "ಮುನ್ನೂರ ಎಂಬತ್ತಾ? ಅಳಿಲಿಗೆ ಹೊಡೆದ್ರೆ ತಿರುಗಿ ನೋಡಿ ಬೈಯತ್ತೆ ಕಣೇ." ವಿಷಯ ಕೇಳಿ ರಾಯ್ಸ್ ಕೂಡ ತಲೆಯಾಡಿಸಿದನಂತೆ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಇದು.

ಇನ್ನು ಎಲ್ಲಿಡುವುದು? ಕೈಚೀಲ ಬೇಡವೆಂದು ನಾನೇ ತೀರ್ಮಾನಿಸಿದೆ. ಅಪ್ಪಿಕೊಳ್ಳಲು ಎರಡೂ ಕೈ ಬೇಕು, ಚೀಲ ಕೆಳಗಿಟ್ಟರೆ ಮಕ್ಕಳು ಮಿಠಾಯಿ ಹುಡುಕುತ್ತಾರೆ. ಬರ್ಲ್ ಮೂರು ಬಗೆಯ ಒರೆ ಕೊಟ್ಟು, ಬೇಡವಾದದ್ದನ್ನು ತಂದುಕೊಡಿ ಎಂದ. ಸಂಜೆ ಊಟವಾದ ಮೇಲೆ ಪಿಸ್ತೂಲು ಖಾಲಿ ಮಾಡಿ, ಎರಡೆರಡು ಸಲ ನೋಡಿ, ಅಡುಗೆಮನೆಯಲ್ಲಿ ಅಭ್ಯಾಸ ಶುರು ಮಾಡಿದೆವು. ಹಾಯ್ಟ್ ಹಿಂಬಾಗಿಲಿನಿಂದ ಚರ್ಚಿಗೆ ಬರುವವನಂತೆ ಬರುತ್ತಿದ್ದ.

ಬಲ ಸೊಂಟದಲ್ಲಿ ಇಟ್ಟುಕೊಂಡೆ. "ಗೊತ್ತಾಯ್ತು," ಎಂದ. ಬೆನ್ನಿನಲ್ಲಿ ಇಟ್ಟುಕೊಂಡೆ. "ಕೈ ಅಲ್ಲಿಗೇ ಬರತ್ತೆ, ಗೊತ್ತಾಯ್ತು." ಕಣಕಾಲಿಗೆ ಕಟ್ಟಿಕೊಂಡೆ. ಗೊತ್ತಾಗಲಿಲ್ಲ, ಆದರೆ ನನಗೆ ಬಗ್ಗಿ ತೆಗೆಯಲು ಆಗಲಿಲ್ಲ. ಆಮೇಲೆ ಹೊಟ್ಟೆಗೆ ಸುತ್ತುವ ಅಗಲವಾದ ಪಟ್ಟಿ, ಅದರ ಮೇಲೆ ಉಡುಪು.

"ಇದು ಪರವಾಗಿಲ್ಲ," ಎಂದ ಹಾಯ್ಟ್. "ಈಗ ತೆಗಿ ನೋಡೋಣ."

"ತೆಗೀಬೇಕು ಅಂದ್ರೆ ಉಡುಪು ಮೇಲೆತ್ತಬೇಕು."

"ಚರ್ಚಲ್ಲಾ?"

"ಮೊದ್ಲು ಎಲ್ರೂ ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡಿ ಅಂತ ಹೇಳ್ತೀನಿ."

ಕೊನೆಗೆ ಅದೇ ಪಟ್ಟಿ ಉಡುಪಿನ ಮೇಲೆ, ಪಿಸ್ತೂಲು ಎಡಗಡೆ ಪಕ್ಕೆಯ ಹತ್ತಿರ, ಎಲ್ಲದರ ಮೇಲೊಂದು ಸಡಿಲ ಕೋಟು ಎಂದು ನಿರ್ಧಾರವಾಯಿತು. ಆ ಸಂಜೆ ಹಾಯ್ಟ್ ನನ್ನನ್ನು ಹದಿಮೂರು ಸಲ ಅಪ್ಪಿಕೊಂಡ. ಅದಕ್ಕೆ ಹಿಂದಿನ ಒಂದೂವರೆ ವರ್ಷದಲ್ಲಿ ಎಷ್ಟು ಸಲ ಎಂದು ನಾನು ಕೇಳಲಿಲ್ಲ. ಹದಿನಾಲ್ಕನೆಯದಕ್ಕೆ ಪಿಸ್ತೂಲು ಮೇಜಿನ ಮೇಲಿತ್ತು; ಅದು ಅವನಿಗೆ ನೆನಪಿರಲಿಲ್ಲವೋ ಏನೋ.

ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತಮೂರು ಬಂತು. ರಾಯ್ಸ್ ಕಾಗದದ ತೂತುಗಳನ್ನು ಎರಡು ಸಲ ಎಣಿಸಿದ. ನಾನು ಇನ್ನೊಂದು ಸಲ ಎಣಿಸಿ ಎಂದು ಕೇಳಿಕೊಂಡೆ. ನನಗೆ ನಂಬಿಕೆ ಬರಲಿಲ್ಲ.

"ಯಾರ ಹತ್ರ ಇದೆ ಅನ್ನೋದು ಯಾರಿಗೂ ಗೊತ್ತಾಗ್ಬಾರ್ದು ಅಕ್ಕ," ಎಂದ ಅವನು. "ಅದೇ ನಮ್ಮ ಶಕ್ತಿ."

ಮರುದಿನ ಬಾಗಿಲಲ್ಲಿ ನಿಂತೆ. ಹಾಯ್ಟ್ ಒಬ್ಬನನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿದ್ದು ತಪ್ಪಾಯಿತೆಂದು ಮೊದಲ ಐದು ನಿಮಿಷದಲ್ಲೇ ತಿಳಿಯಿತು. ಅವನು ನನಗಿಂತ ಒಂದು ತಲೆ ಎತ್ತರ. ಜನ ಎಲ್ಲ ಎತ್ತರದಲ್ಲೂ ಬರುತ್ತಾರೆ. ಗಾಯಕವೃಂದದವನೊಬ್ಬ ಮೊಣಕೈ ತಗಲಿಸಿಕೊಂಡು "ಅಕ್ಕ, ನಿಮ್ಮ ಬೈಬಲ್ ದಪ್ಪ ಇದೆ" ಎಂದ. ಆಮೇಲೆ ಆಲ್ಥಿಯಾ ಬಂದಳು. ಅವಳ ಕೆನ್ನೆ ನೇರವಾಗಿ ಅದರ ಮೇಲೆ ಬಿತ್ತು.

"ಅಯ್ಯೋ! ಏನೇ ಇದು, ಕಬ್ಬಿಣ ಇದ್ದಂಗಿದೆ?"

"ಶ್, ಅಜ್ಜಿ."

"ಆಂ? ಪಿಸ್ತೂಲಾ? ಪಾಸಾದ್ಯಾ ನೀನು? ಎಷ್ಟರದು?"

ಕಿವಿ ಮಂದವಿರುವವರ ಪಿಸುಮಾತು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಮೊದಲ ಹಾಡು ಮುಗಿಯುವಷ್ಟರಲ್ಲಿ ಪಿಯಾನೊ ಬಾರಿಸುವವಳಿಗೂ ಮುನ್ನೂರ ಎಂಬತ್ತೆಂದು ತಿಳಿದಿತ್ತು.

ರಾಯ್ಸ್ ಗದರಲಿಲ್ಲ. ಉಪಾಯ ಹೇಳಿಕೊಟ್ಟ. "ಪಕ್ಕದಿಂದ ಅಪ್ಕೊಳ್ಳಿ ಅಕ್ಕ. ಬಲ ಭುಜ ಮಾತ್ರ ಕೊಡಿ, ಎಡಗೈ ಅಡ್ಡ ಇರ್ಲಿ." ಎರಡು ಭಾನುವಾರ ಹಾಗೆ ಮಾಡಿದೆ. ಜನ ಬಂದು ನನ್ನ ಭುಜಕ್ಕೆ ಒರಗಿ ಹೋಗುತ್ತಿದ್ದರು, ಬಸ್ಸಿಗೆ ಕಾಯುತ್ತ ಕಂಬಕ್ಕೆ ಒರಗುವವರಂತೆ. ಎರಡನೆಯ ಭಾನುವಾರ ಆಲ್ಥಿಯಾ ಒರಗಲಿಲ್ಲ. ಅಲ್ಲೇ ನಿಂತಳು.

"ಅವತ್ತು ನಾನು ಜೋರಾಗಿ ಹೇಳಿದ್ದಕ್ಕೆ ಕೋಪಾನಾ?"

"ಇಲ್ಲ ಅಜ್ಜಿ."

"ಮತ್ಯಾಕೆ ದೂರ ಇಡ್ತೀಯ ನನ್ನ?"

ಇದನ್ನು ಅವಳು ಜೋರಾಗಿ ಹೇಳಲಿಲ್ಲ.

ನಾನು ಕೋಟು ತೂಗುಹಾಕುವ ಕೋಣೆಗೆ ಹೋಗಿ, ಪಟ್ಟಿ ಬಿಚ್ಚಿ, ಒರೆಯ ಸಮೇತ ಎಲ್ಲವನ್ನೂ ಹಾಯ್ಟನ ಕೈಗೆ ಕೊಟ್ಟೆ. ಅವನ ಸೊಂಟದಲ್ಲಿ ಆಗಲೇ ನಲವತ್ತೈದು ಇತ್ತು. ಎರಡನೆಯದನ್ನೂ ಸಿಕ್ಕಿಸಿಕೊಂಡು, ಅವನು ಹಾಡುಗಳುದ್ದಕ್ಕೂ ಪ್ಯಾಂಟು ಹಿಡಿದುಕೊಂಡು ನಿಂತಿದ್ದ. ನಾನು ವಾಪಸ್ಸು ಬಂದು ಆಲ್ಥಿಯಾಳನ್ನು ಸರಿಯಾಗಿ ಅಪ್ಪಿಕೊಂಡೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಅವಳ ಹಿಂದಿನ ಸಾಲು ಮೆಟ್ಟಿಲ ಕೆಳಗಿನ ತನಕ ಬೆಳೆದಿತ್ತು.

ರಾಯ್ಸ್ ಎಲ್ಲವನ್ನೂ ನೋಡಿದ್ದ. "ನಂಗೂ ಬೇಜಾರು ಅಕ್ಕ. ಆದ್ರೆ ನಿಯಮ ನಿಯಮಾನೇ. ಬಾಗಿಲು ಬಿಡ್ಬೇಕಾಗತ್ತೆ."

"ಸರಿ ಅಣ್ಣ," ಎಂದೆ. ವಾದಿಸಲು ನನಗೆ ಬರುವುದಿಲ್ಲ.

ಆ ವಾರ ಆ ಹಾಳೆಯನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಹಾಯ್ಟನಿಂದ ಓದಿಸಿದೆ. ಮುಂದಿನ ಭಾನುವಾರ ಅರ್ಧ ಗಂಟೆ ಮೊದಲೇ ಹೋಗಿ, ಚರ್ಚಿನ ಮುಂದೆ ಕಾರು ನಿಲ್ಲಿಸುವ ಜಲ್ಲಿಯಂಗಳದಲ್ಲಿ ನಿಂತೆ. ಯಾರ ಕಾರಿನ ಬಾಗಿಲು ತೆರೆದರೂ ಅಲ್ಲಿ ನಾನಿರುತ್ತಿದ್ದೆ. ಆಲ್ಥಿಯಾ ಕಂದು ಬಣ್ಣದ ಕಾರಿನಿಂದ ಇಳಿಯುವ ಮೊದಲೇ ಎರಡೂ ಕೈ ಚಾಚಿದ್ದಳು.

ಮೆಟ್ಟಿಲ ಮೇಲೆ ರಾಯ್ಸ್ ಎರಡು ಬೆರಳು ಮುಂದಿಟ್ಟು ನಿಂತಿದ್ದ. ಎಲ್ಲರೂ ಆಗಲೇ ಅಪ್ಪಿಸಿಕೊಂಡು ಬರುತ್ತಿದ್ದರು. ಹೊರಡುವಾಗ ನನ್ನ ಹತ್ತಿರ ಬಂದ.

"ಇದು ನಿಯಮಕ್ಕೆ ವಿರುದ್ಧ ಅಲ್ವಾ ಅಕ್ಕ?"

"ಬಾಗಿಲಲ್ಲಿ ನಿಲ್ಲೋರು ಅಂತ ಬರ್ದಿದ್ದೀರಿ ಅಣ್ಣ. ತಪ್ಪಿದ್ರೆ ಹೇಳಿ, ಬಿಟ್ಬಿಡ್ತೀನಿ."

ಅವನು ಜಲ್ಲಿಯಂಗಳವನ್ನು ರಸ್ತೆಯ ತನಕ ಕಣ್ಣಲ್ಲೇ ಅಳೆದ. "ಅಂದ್ರೆ ಕೆಟ್ಟವನು ಯಾರಾದ್ರೂ ಬಂದ್ರೆ ಮೊದ್ಲು ಸಿಗೋದು ನೀವು. ಬರಿಗೈಲಿ."

ಅದನ್ನು ನಾನು ಯೋಚಿಸಿರಲಿಲ್ಲ. ಆಮೇಲೆ ಬೇರೆ ಏನನ್ನೂ ಯೋಚಿಸಲಾಗಲಿಲ್ಲ.

ನವೆಂಬರಿನ ಎರಡನೆಯ ಭಾನುವಾರ ಗುರುತಿಲ್ಲದ ಒಬ್ಬ ಬಂದ. ಬೇರೆ ರಾಜ್ಯದ ಸಂಖ್ಯೆಯ ಪಿಕಪ್, ಉದ್ದನೆಯ ಕೋಟು, ಮೂರು ದಿನದ ಗಡ್ಡ. ರಾಯ್ಸ್ ಹೇಳಿದ ಮಾತು ನೆನಪಾಯಿತು. ಕೈಗಳು ಮಾತ್ರ ಹನ್ನೊಂದು ವರ್ಷದ ಅಭ್ಯಾಸದಂತೆ ಮೇಲೆದ್ದವು. ಅಪ್ಪಿಕೊಂಡೆ. ಅವನ ಬಲ ಸೊಂಟದಲ್ಲಿ ಏನೋ ಗಟ್ಟಿಯಾದದ್ದು ನನಗೆ ಒತ್ತಿತು. ಅವನು ಮೊದಲು ಕಂಬದಂತೆ ನಿಂತಿದ್ದ, ಆಮೇಲೆ ಗಲ್ಲವನ್ನು ನನ್ನ ತಲೆಯ ಮೇಲೆ ಇಟ್ಟ. "ಥ್ಯಾಂಕ್ಸ್ ಅಮ್ಮಾ," ಎಂದು ಒಳಗೆ ಹೋದ.

ನಾನು ಓಡಿಹೋಗಿ ರಾಯ್ಸನಿಗೆ ಹೇಳಿದೆ.

"ಸೊಂಟದಲ್ಲಿ ಗಟ್ಟಿಯಾಗಿ ಏನೋ ಇದೆ!"

"ಎಷ್ಟರದು?" ಎಂದ ರಾಯ್ಸ್.

"ನಲವತ್ತೈದೇ ಇರ್ಬೇಕು," ಎಂದ ಹಾಯ್ಟ್, ಸ್ವಲ್ಪ ಗೌರವದಿಂದ.

ರಾಯ್ಸ್ ಆರಾಧನೆಯುದ್ದಕ್ಕೂ ಅವನ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಆ ಹೊಸಬ ಕೊನೆಯ ಹಾಡನ್ನು ಪುಸ್ತಕ ನೋಡದೆ ಹಾಡಿದ, ಕಣ್ಣೊರೆಸಿಕೊಂಡ, ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಪಿಕಪ್ ಹತ್ತಿ ಹೋದ. ಮತ್ತೆ ಬಂದಿಲ್ಲ.

ಅದು ಪಿಸ್ತೂಲೋ, ಬಡಗಿಗಳ ಅಳತೆಪಟ್ಟಿಯೋ ನನಗೆ ಗೊತ್ತಿಲ್ಲ. ಪಿಸ್ತೂಲೇ ಆಗಿದ್ದರೆ ಯಾತಕ್ಕೆ ತಂದಿದ್ದ ಎಂಬುದೂ ಗೊತ್ತಿಲ್ಲ. ಈ ಊರಿನಲ್ಲಿ ಅದಕ್ಕೆ ಕಾರಣವೇ ಬೇಕಿಲ್ಲ. ನನ್ನ ಮುನ್ನೂರ ಎಂಬತ್ತು ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಆ ದಿನ ಅದು ನನ್ನ ಪಕ್ಕೆಯಲ್ಲಿದ್ದಿದ್ದರೆ ನಾನು ಅವನಿಗೆ ಬಲ ಭುಜ ಮಾತ್ರ ಕೊಡುತ್ತಿದ್ದೆ. ಅದರಿಂದ ಒಳ್ಳೆಯದಾಗುತ್ತಿತ್ತೋ ಕೆಟ್ಟದಾಗುತ್ತಿತ್ತೋ, ಎಷ್ಟು ಸಲ ಯೋಚಿಸಿದರೂ ನನಗೆ ತಿಳಿದಿಲ್ಲ.