ಹತ್ತರಿಂದ ಮೇಲೆ ಅಂಕಿ

ಹೆಡ್ಲಿ ಟ್ರೆಂಬಾತ್‌ನ ಮೇಜಿನ ಮೇಲಿದ್ದ ಕಬ್ಬಿಣದ ಪಟ್ಟಿ ಅಳತೆಗಿಂತ ಹೊಡೆತಕ್ಕೇ ಹೆಚ್ಚು ಬಳಕೆಯಾಗಿತ್ತು. ನ್ಯೂ ಸೌತ್ ವೇಲ್ಸಿನ ಆ ಕಲ್ಲಿದ್ದಲ ಊರಿನ ಸಂಜೆಪತ್ರಿಕೆಗೆ ಅವನು ಮುಖ್ಯ ಉಪಸಂಪಾದಕ. ಇಂಗ್ಲಿಷಿನಲ್ಲಿ ಸಂಖ್ಯೆ ಬರೆಯುವಾಗ ಒಂಬತ್ತರವರೆಗೆ ಅಕ್ಷರ, ಹತ್ತರಿಂದ ಮೇಲೆ ಅಂಕಿ. ಅದು ಬಹುಪಾಲು ಪತ್ರಿಕೆಗಳ ಕಟ್ಟಳೆ. ಹೆಡ್ಲಿ ಅದಕ್ಕೆ ತನ್ನದೊಂದು ಬಾಲ ಅಂಟಿಸಿದ್ದ. ಸತ್ತವರ ಸಂಖ್ಯೆ ಅಕ್ಷರದಲ್ಲಿದ್ದರೆ ಅವರ ಹೆಸರುಗಳೂ ಮುಖಪುಟದಲ್ಲಿರಬೇಕು. ಅಂಕಿಗೆ ಏರಿತೋ, ಹೆಸರಿಗೆ ಜಾಗವಿಲ್ಲ. ಊರಿನ ಹೆಂಗಸರು ಆ ಹೆಸರುಗಳನ್ನು ಕತ್ತರಿಸಿ ಬೈಬಲಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದೆಲ್ಲ ಅವನಿಗೆ ಬೇಕಿರಲಿಲ್ಲ.

ಆ ಮಧ್ಯಾಹ್ನ ಮುಷ್ಕರ ಹೂಡಿದ್ದ ಗಣಿಯವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿದ್ದ ವರದಿಗಾರ ಫೋನಿನಲ್ಲಿ ಸತ್ತವರ ಹೆಸರು ಒಂದೊಂದಾಗಿ ಹೇಳಿದ. ಹೆಡ್ಲಿಯ ತಮ್ಮ ಯೂವರ್ಟ್ ಕೂಡ ಆ ಗುಂಪಿನಲ್ಲಿದ್ದ. ಒಂಬತ್ತು ಹೆಸರು ಮುಗಿದವು, ತಮ್ಮನದು ಬರಲಿಲ್ಲ. ‘ಒಂಬತ್ತು’ ಎಂದು ಅಕ್ಷರದಲ್ಲಿ ಬರೆಯುವಾಗ ಅವನ ಜೀವ ನಿರಾಳವಾಯಿತು. ಅಚ್ಚಿನ ಮೊಳೆ ಜೋಡಿಸುವ ಆಸಿ ಫ್ಲ್ಯಾಕ್ ಹೆಸರುಗಳನ್ನು ಕೂರಿಸಿದ.

ಮತ್ತೆ ಫೋನು.

"ಹೊಟ್ಟೆಗೆ ಗುಂಡು ಬಿದ್ದೋನೊಬ್ಬ ಆಸ್ಪತ್ರೆ ದಾರೀಲೇ ಹೋಗ್ಬಿಟ್ಟ. ಹೆಡ್ಲಿ, ಅವ್ನು ನಿಮ್ಮ ಯೂವರ್ಟ್ ಕಣಯ್ಯಾ. ಕರುಳು ಕೈಲಿ ಹಿಡ್ಕೊಂಡು ನಿನ್ನೇ ಕೇಳ್ತಿದ್ದ."

ಹೆಡ್ಲಿ ಮೊಳೆಕೋಣೆಗೆ ಓಡಿದ. ಆಸ್ಪತ್ರೆಯಿಂದ ಸುದ್ದಿ ಅಲ್ಲಿಗೆ ಆಗಲೇ ಮುಟ್ಟಿತ್ತು. ಆಸಿ ಹೆಸರುಗಳನ್ನು ಕಿತ್ತು ಸೀಸ ಕರಗಿಸುವ ಬಾಣಲೆಗೆ ಹಾಕುತ್ತಿದ್ದ.

"ಏನೋ ಮಾಡ್ತಿದೀಯ?"

"ಹತ್ತಾಯ್ತಲ್ಲ. ಅಂಕಿ ಹಾಕ್ತಿದೀನಿ. ನಿಂದೇ ಕಟ್ಟಳೆ."

"ಹಾಳಾಗ್ಲಿ ಕಟ್ಟಳೆ! ಹೆಸರು ಹಾಕೋ!"

"ಹೋದ್ವರ್ಷ ಗಣಿ ಸಿಡಿದು ಹನ್ನೆರಡು ಜನ ಸತ್ತಾಗ ನಾನೂ ಹಿಂಗೇ ಬೇಡ್ಕೊಂಡೆ ಮಾರಾಯ. ನನ್ನ ತಮ್ಮ ಇದ್ದ ಅದ್ರಲ್ಲಿ." ಆಸಿ ಸೊಟ್ಟಗಾಗಿದ್ದ ಎರಡು ಬೆರಳು ತೋರಿಸಿದ. "ನೀನು ಆ ಕಬ್ಬಿಣದ ಪಟ್ಟೀಲಿ ಕೊಟ್ಟ ಉತ್ತರ."

ಹೆಡ್ಲಿ ಅವನ ಜುಟ್ಟು ಹಿಡಿದು ಮುಖವನ್ನು ಕಬ್ಬಿಣದ ಮೇಜಿಗೆ ಅಪ್ಪಳಿಸಿದ. ಮೂಗು ಒಡೆದು ರಕ್ತ ಅಚ್ಚಿನ ಮೇಲೆಲ್ಲ ಚಿಮ್ಮಿತು. ಇನ್ನೊಮ್ಮೆ ಅಪ್ಪಳಿಸಿದ. ಆಸಿಯ ಕೈಗೆ ಮರದ ಸುತ್ತಿಗೆ ಸಿಕ್ಕಿತು. ಮೊದಲ ಏಟಿಗೆ ಹೆಡ್ಲಿಯ ಮಂಡಿ ಹೋಯಿತು, ಎರಡನೆಯದಕ್ಕೆ ದವಡೆ. ನೆಲದ ಮೇಲೆ ಬಿದ್ದವನ ಬಾಯಿಂದ ಹಲ್ಲುಗಳು ಉದುರಿದವು. ಬಿಡಿಸಲು ಕೋಣೆಯಲ್ಲಿದ್ದ ಕೆಲಸಗಾರರು ಯಾರೂ ಮುಂದೆ ಬರಲಿಲ್ಲ. ಆ ಪಟ್ಟಿಯ ರುಚಿ ಎಲ್ಲರಿಗೂ ಗೊತ್ತಿತ್ತು.

"ಒಂದೇ ಒಂದು ಸಾಲು ಕಣೋ," ಹೆಡ್ಲಿ ರಕ್ತ ಉಗುಳುತ್ತ ಆಸಿಯ ಕಾಲು ಹಿಡಿದುಕೊಂಡ. "ಯೂವರ್ಟ್ ಟ್ರೆಂಬಾತ್. ಅಷ್ಟೇ ಸಾಕು. ನಿನ್ನ ದಮ್ಮಯ್ಯ."

ಆಸಿ ಬಗ್ಗಿದ. ಅವನ ಮೂಗಿನ ರಕ್ತ ಹೆಡ್ಲಿಯ ಹಣೆಯ ಮೇಲೆ ತೊಟ್ಟಿಕ್ಕಿತು.

"ಹಾಕ್ತೀನಿ. ನನ್ನ ತಮ್ಮನ ಹೆಸರೇನು, ಹೇಳು."

ಹೆಡ್ಲಿ ಬಾಯಿ ತೆರೆದ. ನೆನಪೆಲ್ಲ ಕೆದಕಿದ. ಆಸಿ ಒಳ್ಳೆಯ ಮನಸ್ಸಿನಿಂದಲೇ ಕಾದ, ಗಡಿಯಾರ ನೋಡಿ ಇನ್ನೊಂದು ನಿಮಿಷ ಕಾದ. ಆಮೇಲೆ ಒಂದು ಮತ್ತು ಸೊನ್ನೆಯನ್ನು ಒತ್ತಿ ಕೂರಿಸಿ ಪುಟವನ್ನು ಅಚ್ಚಿಗೆ ಕಳಿಸಿದ.